ನೆಟ್ಟಗಾದ ಕಾಲು, ಮುನಿಸಿಕೊಂಡ ಪಾದ

ಎಲ್ಲರ ಬರಹ ಹಣೆಯ ಮೇಲಿದ್ದರೆ ನನ್ನದು ಕಾಲಲ್ಲಿದೆ. ನಾನು ಹೆಜ್ಜೆ ಇಟ್ಟಲ್ಲೆಲ್ಲ ಒಂದು ಫಜೀತಿ ಕಾದು ಕೂತಿರುತ್ತದೆ, ಇವತ್ತಿಗೂ ಅದು ತಪ್ಪಿಲ್ಲ.

ನಾನು ಹೊಲ ಅಳೆಯುವ ಸರ್ಕಾರಿ ಮೋಜಣಿದಾರ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ಈ ನಾಲ್ಕೂ ತಾಲೂಕುಗಳ ಹೊಲಗಳಲ್ಲಿ ಸರಪಳಿಯ ಹಿಂದೆ ನಡೆದು ನಡೆದು ನನ್ನ ಬಲಗಾಲು ಮೊಣಕಾಲಿನ ಹತ್ತಿರ ಹೊರಗೆ ಬಾಗಿ ಬಿಲ್ಲಿನಂತಾಗಿತ್ತು. ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ಮುಂಬೈಯಲ್ಲಿದ್ದ ನನ್ನ ಹೆಂಡತಿಯ ಅಣ್ಣ ಪತ್ರ ಬರೆದ: "ವಿಲಾಯತಿಯೊಳಗ ಕಲಿತು ಬಂದ ಡಾಕ್ಟರೊಬ್ಬರು ಇಲ್ಲಿದ್ದಾರ. ಕೆಟ್ಟ ಮೊಣಕಾಲ ತಗದು ಉಕ್ಕಿನ ಕೀಲು ಕೂಡಸ್ತಾರ. ಲಗೂನ ಬರ್ರಿ." ಹೋದೆ, ಕೂಡಿಸಿದರು. ಬಿಲ್ಲು ಬಾಣದಷ್ಟು ನೆಟ್ಟಗಾಯಿತು. ಕನ್ನಡಿಯ ಮುಂದೆ ನಿಂತು ನನ್ನ ಕಾಲನ್ನು ನಾನೇ ನೋಡಿ ನೋಡಿ ಹಿಗ್ಗಿದೆ.

ಹಿಗ್ಗು ಬಹಳ ದಿನ ಉಳಿಯಲಿಲ್ಲ. ಬಾಗೇವಾಡಿಯ ಮನೆಗೆ ಬಂದು ಹೊರಗೆ ತಿರುಗಾಡಲು ಶುರು ಮಾಡಿದೊಡನೆ ಪಾದ ಕೈಕೊಟ್ಟಿತು. ಮೊಣಕಾಲು ಬಂಗಾರ, ಪಾದ ಬೆಂಕಿ. ಅದೇ ಹೊತ್ತಿಗೆ ಕಚೇರಿಯಿಂದ ಕಾಗದ ಬಂತು. ಮಳೆ ಶುರುವಾಗುವ ಹೊತ್ತಿಗೆ ಮೇಲಿನ ಸಾಹೇಬರ ಮುಂದೆ ಒಂದು ದಿನ ಪೂರ್ತಿ ಹೊಲ ಅಳೆದು ತೋರಿಸಬೇಕು, ಆಗದಿದ್ದರೆ ಉಳಿದ ನೌಕರಿಯೆಲ್ಲ ದಫ್ತರ ಕೋಣೆಯಲ್ಲಿ. ಅಂದರೆ ಧೂಳು ಹಿಡಿದ ಕಾಗದದ ಗಂಟು ಬಿಚ್ಚುವುದು, ಮತ್ತೆ ಕಟ್ಟುವುದು. ಬಯಲಲ್ಲಿ ಬದುಕಿದವನಿಗೆ ಅದು ಜೈಲು.

ಅತ್ತಿ-ಸೊಸಿ

ನಮ್ಮ ಕಡೆ ದವಾಖಾನೆಯಿಂದ ಬಂದವರನ್ನು ಮಾತಾಡಿಸಲು ಓಣಿಯೇ ಬರುತ್ತದೆ. ಬಂದವರೆಲ್ಲ ಮೊಣಕಾಲನ್ನು ತಟ್ಟಿ ನೋಡುವವರೇ. ಒಬ್ಬರು ಕಿವಿ ಹಚ್ಚಿ "ಟಣ್ ಅನ್ನವಲ್ಲದಲ್ರಿ" ಎಂದು ಬೇಸರ ಮಾಡಿಕೊಂಡರು. "ಮೊಣಕಾಲ ಆರಾಮೈತ್ರಿ, ಪಾದ ನೋಯಾಕತ್ತೈತಿ" ಎಂದರೆ ಯಾರೂ ಕೇಳಿಸಿಕೊಳ್ಳರು. ಪಾದ ಎಲ್ಲರ ಹತ್ತಿರವೂ ಇರುತ್ತದೆ, ಅದನ್ನೇನು ನೋಡುವುದು?

ಮುಂಬೈ ಡಾಕ್ಟರಿಗೆ ಪತ್ರ ಬರೆದೆ. ಉತ್ತರ ಬಂತು: ಮೊಣಕಾಲಿನದು ಏನಿದ್ದರೂ ಬರೆಯಿರಿ, ಪಾದಕ್ಕೆ ಬೇರೆ ಡಾಕ್ಟರನ್ನು ನೋಡಿರಿ.

ಕಡೆಗೆ ಕಾರಣ ಹೇಳಿದವರು ಎದುರು ಮನೆಯ ಚಾಚಾ. ಬಟ್ಟೆ ಅಂಗಡಿಯವರು, ಮೂವರು ಗಂಡುಮಕ್ಕಳ ಮದುವೆ ಮಾಡಿದ ಅನುಭವಸ್ಥರು. ನನ್ನ ಕಾಲನ್ನು ಮೇಲಿಂದ ಕೆಳಗೆ ನೋಡಿ ಹೇಳಿದರು: "ಇದರಾಗ ರೋಗ ಏನೂ ಇಲ್ರಿ ಸಾಹೇಬ್ರ. ಮೊಣಕಾಲು ಹೊಸಾ ಸೊಸಿ, ಪಾದ ಹಳೇ ಅತ್ತಿ. ಸೊಸಿ ಬಂದ ಹೊಸದಾಗಿ ಅತ್ತಿ ನರಳೂದು ಇದ್ದದ್ದ."

"ಎಷ್ಟ ದಿನ ನರಳತಾಳ ಚಾಚಾ?"

ಚಾಚಾ ತಮ್ಮ ಮನೆಯ ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು. "ನಮ್ಮ ಮನ್ಯಾಗ ಹನ್ನೊಂದು ವರ್ಷ ಆತು."

ಯಂಕಂಚಿಯ ಬದು

ಸಿಂದಗಿಯಲ್ಲಿದ್ದಾಗ ಯಂಕಂಚಿಯ ಅಣ್ಣ ತಮ್ಮಂದಿರ ಹೊಲ ಅಳೆದು ಪಾಲು ಮಾಡಿಕೊಟ್ಟಿದ್ದೆ. ನಡುವಿನ ಬದು ಡೊಂಕಾಗಿದೆ ಎಂದು ಅಂದಿನಿಂದ ಇಬ್ಬರಿಗೂ ಮಾತಿಲ್ಲ ಕತೆಯಿಲ್ಲ. ಒಂದು ದಿನ ಮಧ್ಯಾಹ್ನ, ಉರಿಬಿಸಿಲಿನಲ್ಲಿ, ಇಬ್ಬರೂ ಒಂದೇ ಬಸ್ಸಿನಲ್ಲಿ ಬಂದು ಬೇರೆ ಬೇರೆ ಬಾಳೆಹಣ್ಣಿನ ಚಿಪ್ಪು ಹಿಡಿದು ನಮ್ಮ ಕಟ್ಟೆಯ ಮೇಲೆ ಕೂತರು. ನನ್ನ ಕಾಲು ನೋಡಿ ಅಣ್ಣನ ಮುಖ ಅರಳಿತು.

"ಸಾಹೇಬ್ರ, ಆವಾಗ ನಿಮ್ಮ ಕಾಲ ಡೊಂಕ ಇತ್ತು, ನೀವು ನಡದಂಗ ಬದೂನೂ ಡೊಂಕ ಬಂತು. ಈಗ ಕಾಲ ನೆಟ್ಟಗಾಗೇತಿ. ಬಂದು ಇನ್ನೊಮ್ಮೆ ಅಳೀರಿ, ಬದೂನೂ ನೆಟ್ಟಗಾಗತೈತಿ."

"ನಾ ಕಾಲಿಲೆ ಅಳದಿಲ್ಲೋ ಮಾರಾಯಾ, ಸರಪಳಿಲೆ ಅಳದೇನಿ" ಎಂದೆ.

"ಸರಪಳಿ ಹಿಡದಾವ್ರು ಯಾರ್ರಿ?" ಎಂದ.

ತಮ್ಮ ಬಿಡುತ್ತಾನೆಯೇ? "ಈಗ ಬಿಲ್ಕುಲ್ ಅಳೀಬ್ಯಾಡ್ರಿ ಸಾಹೇಬ್ರ! ಬಿಸಲಿಗೆ ಉಕ್ಕ ಹಿಗ್ಗತೈತಿ. ನಿಮ್ಮ ಕಾಲೊಳಗ ಉಕ್ಕೈತಿ. ಬ್ಯಾಸಗ್ಯಾಗ ನೀವು ಅಳದ್ರ ಅಣ್ಣಗ ಹೆಚ್ಚ ಹೋಗತೈತಿ. ಮಳಿ ಬಿದ್ದು ಕಾಲ ತಂಪಾಗಲಿ."

ಬಿಸಿಲಿಗೆ ಸರಪಳಿ ಹಿಗ್ಗುತ್ತದೆ ಎಂದು ಹಿಂದೆ ಅವನಿಗೆ ಹೇಳಿಕೊಟ್ಟವನು ನಾನೇ. ನನ್ನ ವಿದ್ಯೆ ನನ್ನ ಕಾಲಿಗೇ ಬಂದು ಸುತ್ತಿಕೊಂಡಿತ್ತು. ಬೇರೆ ದಾರಿ ಕಾಣದೆ, "ತಮ್ಮಾ, ಅಳಿಯಾಕ ನನಗ ನಡಿಯಾಕ ಆಗವಲ್ದು, ಪಾದ ಸುಡಾಕತ್ತೈತಿ" ಎಂದು ಇದ್ದದ್ದು ಹೇಳಿದೆ.

ಇಬ್ಬರೂ ಮುಖ ಮುಖ ನೋಡಿಕೊಂಡರು. ಅಣ್ಣ ಹೇಳಿದ, "ಹಂಗಾರ ಬ್ಯಾಡ. ಕುಂಟಿಕೋತ ಅಳದ್ರ ಇಬ್ಬರಿಗೂ ಕಮ್ಮಿ ಬರತೈತಿ." ತಮ್ಮ "ಹೌದಪಾ, ಅಣ್ಣಾ" ಎಂದ. ಪಾಲಾದ ಮೇಲೆ ಅವರಿಬ್ಬರೂ ಒಪ್ಪಿದ ಮೊದಲ ಮಾತು ಅದು. ನನ್ನ ನೋವಿನಲ್ಲಿ ಮನೆತನವೊಂದು ಒಂದಾಯಿತು ಎಂದು ಇಬ್ಬರ ಬಾಳೆಹಣ್ಣನ್ನೂ ತಿಂದೆ.

ಮುದ್ದೇಬಿಹಾಳದ ಹುಗ್ಗಿ

ಬಸ್‌ಸ್ಟ್ಯಾಂಡಿನ ಬೇವಿನ ಗಿಡದ ಕೆಳಗೆ ಚಪ್ಪಲಿ ಹೊಲಿಯುವ ಕಾಕಾ ಒಬ್ಬರಿದ್ದರು. ಹನ್ನೆರಡು ವರ್ಷದಿಂದ ನನ್ನ ಚಪ್ಪಲಿ ಅವರದೇ. ಒಮ್ಮೆಯೂ ಅಳತೆ ತೆಗೆದುಕೊಂಡವರಲ್ಲ. "ನಿಮ್ಮ ಕಾಲ ನನ್ನ ಕೈಗೆ ಬಾಯಿಪಾಠ ಆಗೇತ್ರಿ" ಎನ್ನುತ್ತಿದ್ದರು. ಪಾದ ನೋವೆಂದು ಕೇಳಿ, ಮುಂಬೈಯಿಂದ ಬಂದ ಮೇಲೆ ಇನ್ನಷ್ಟು ಅಕ್ಕರೆಯಿಂದ ಹೊಸ ಜೋಡಿ ಹೊಲಿದು ಮನೆಗೇ ತಂದುಕೊಟ್ಟಿದ್ದರು.

ಅದನ್ನು ಮೆಟ್ಟಿಕೊಂಡು ಮುದ್ದೇಬಿಹಾಳಕ್ಕೆ ಮದುವೆಗೆ ಹೋದೆ. ಊಟ ಮುಗಿಸಿ ಬಂದರೆ ನನ್ನ ಚಪ್ಪಲಿ ಇಲ್ಲ! ಬೀಗರ ಪೈಕಿ ಹಿರಿಯರೊಬ್ಬರು ಸುಮ್ಮನೆ ಕೂರಲಾರದೆ ಹೊರಗಿನ ಚಪ್ಪಲಿಗಳನ್ನೆಲ್ಲ ಜೋಡಿ ಜೋಡಿ ಮಾಡಿ ಸಾಲಿಗೆ ಇಟ್ಟಿದ್ದರು. ನನ್ನ ಎಡದ್ದು ಒಂದು ತುದಿಗೆ, ಬಲದ್ದು ಇನ್ನೊಂದು ತುದಿಗೆ.

"ಎರಡೂ ನನ್ನವ್ರಿ" ಎಂದೆ.

"ಹೆಂಗ ಸಾಧ್ಯರೀ? ಒಂದು ತೆಳ್ಳಗೈತಿ, ಒಂದರ ಹೊರಗಿನ ಅಂಚು ದಪ್ಪೈತಿ. ಇವು ಜೋಡಿ ಅಲ್ಲ. ಅವಸರದಾಗ ಯಾರದೋ ಮೆಟ್ಟಿಕೊಂಡು ಬಂದೀರಿ" ಎಂದು ಹತ್ತು ಮಂದಿಯ ಮುಂದೆ ನ್ಯಾಯ ಹೇಳಿದರು. ಬಸ್ಸಿನ ಹೊತ್ತಾಗಿತ್ತು. "ಸದ್ಯಕ್ಕ ನನ್ನವು ಮೆಟ್ಟಿಕೊಂಡು ಹೋಗ್ರಿ, ಇವುಗಳ ಮಾಲಕರು ಯಾರೂ ಬರಲಿಲ್ಲಂದ್ರ ನಾಳಿ ಕಳಸ್ತೇನಿ" ಎಂದು ತಮ್ಮ ಹಳೆಯ ಚಪ್ಪಲಿ ಕೊಟ್ಟು ಅಟ್ಟಿದರು.

ಏನಾಶ್ಚರ್ಯ! ಬಸ್‌ಸ್ಟ್ಯಾಂಡಿನವರೆಗೆ ಪಾದ ನೋಯಲೇ ಇಲ್ಲ. ಬಾಗೇವಾಡಿಯಲ್ಲಿ ಇಳಿದು ಮನೆಗೆ ಹೂವಿನ ಮೇಲೆ ನಡೆದ ಹಾಗೆ ಬಂದೆ. ಹೊಸಿಲು ದಾಟುವಾಗಲೇ ಕೂಗಿದೆ, "ಗುಣಾ ಆತು! ಮದವ್ಯಾಗ ಗೋದಿ ಹುಗ್ಗಿ ಉಂಡೆ ನೋಡು, ಅದರ ಗುಣಾನ ಇದು!"

ಮರುದಿನ ನನ್ನ ಚಪ್ಪಲಿ ಬಂದವು, ಹಿರಿಯರವನ್ನು ಮರಳಿ ಕಳಿಸಿದೆ. ನೋವೂ ಮರಳಿ ಬಂತು. ಹುಗ್ಗಿಯ ಶಕ್ತಿ ಇಳಿಯಿತೆಂದು ಹೆಂಡತಿ ಎಂಟು ದಿನ ಬೆಲ್ಲ ತುಪ್ಪ ಸುರಿದು ಹುಗ್ಗಿ ಮಾಡಿ ಹಾಕಿದಳು. ಪಾದದ ನೋವು ಒಂದಿಷ್ಟೂ ಇಳಿಯಲಿಲ್ಲ. ಹೊಟ್ಟೆ ಬೆಳೆದು ಪಾದ ಕಾಣದಂತಾಯಿತು, ಅಷ್ಟೇ ಲಾಭ.

ಮುಳವಾಡದ ಎರೆ ಹೊಲ

ಮಳೆ ಬಿತ್ತು, ಸಾಹೇಬರೂ ಬಂದರು. ಮೈಸೂರು ಕಡೆಯವರು, ಹೊಳೆಯುವ ಬೂಟು, ಮೀಸೆಯಲ್ಲಿ ನಗುವಿಲ್ಲ. ಅಳೆಯಬೇಕಾದ್ದು ಮುಳವಾಡದ ಎರೆ ಹೊಲ. ಹಿಂದಿನ ದಿನ ಸುರಿದ ಮಳೆಗೆ ಕರಿಮಣ್ಣು ಕಣಕದ ಹಾಗೆ ನಾದಿಕೊಂಡಿತ್ತು. ನಾಲ್ಕು ಹೆಜ್ಜೆ ಇಡುವುದರಲ್ಲಿ ನನ್ನ ಪಾದ ಚುರುಗುಟ್ಟತೊಡಗಿತು. ಮುಗಿಯಿತು ಬಿಡು, ದಫ್ತರ ಕೋಣೆಯೇ ಗತಿ ಎಂದು ಕಣ್ಣಲ್ಲಿ ನೀರು ಬಂತು. ಐದನೆಯ ಹೆಜ್ಜೆಗೆ ಬಲಗಾಲಿನ ಚಪ್ಪಲಿ ಮಣ್ಣಿನಲ್ಲೇ ಉಳಿಯಿತು. ಸಿಟ್ಟಿನಿಂದ ಎಡದ್ದನ್ನೂ ಬಿಟ್ಟು ಬರಿಗಾಲಲ್ಲಿ ನಡೆದೆ.

ನೋವಿಲ್ಲ!

ನಿಂತು ಪಾದ ಒತ್ತಿ ನೋಡಿದೆ. ಇಲ್ಲ! ಹತ್ತು ಹೆಜ್ಜೆ, ನೂರು ಹೆಜ್ಜೆ, ಇಲ್ಲವೇ ಇಲ್ಲ! ಆಮೇಲೆ ನನ್ನನ್ನು ಹಿಡಿಯುವವರು ಯಾರು? "ಎಳೀರಿ ಸರಪಳಿ!" ಎಂದು ಕೂಗುತ್ತ ಹೊಲದ ಗಡಿಗೆ ನೆಟ್ಟ ಈ ಬಾಂದಗಲ್ಲಿನಿಂದ ಆ ಬಾಂದಗಲ್ಲಿಗೆ ಹಾರಾಡಿದೆ. ಸಾಹೇಬರು ಒಂದೊಂದು ಬೂಟಿಗೂ ಸೇರು ಸೇರು ಮಣ್ಣು ಹೊತ್ತು ಹಿಂದೆ ಬರುತ್ತಿದ್ದರು. ಸಂಜೆಗೆ ಅವರೇ ಕುಂಟುತ್ತಿದ್ದರು. ಆದರೂ ನನ್ನ ಕಾಗದಕ್ಕೆ ಸಹಿ ಹಾಕಲಿಲ್ಲ. "ಬೆಳಿಗ್ಗೆ ನಿಮ್ಮ ಕಾಲು ಬಾತ್ಕೊಳ್ಳತ್ತೋ ಇಲ್ವೋ ನೋಡಿ ಬರೀತೀನಿ" ಎಂದರು.

ಬಾಗೇವಾಡಿಗೆ ಬಂದವನೇ, ಮಣ್ಣಿನಿಂದ ಕಿತ್ತು ತಂದ ಚಪ್ಪಲಿ ಕೈಯಲ್ಲಿ ಹಿಡಿದು ಕಾಕಾನ ಮುಂದೆ ನಿಂತೆ. "ಕಾಕಾ, ಬಲದ್ದರ ಹೊರ ಅಂಚು ಯಾಕ ದಪ್ಪ ಮಾಡೀ?"

"ಹನ್ನೆರಡು ವರ್ಷದಿಂದ ಮಾಡಾಕತ್ತೇನ್ರಿ. ನಿಮ್ಮ ಡೊಂಕ ಕಾಲು ಅದೊಂದ ಕಡೆ ತಿಕ್ಕತಿತ್ತು. ಈ ಸಲ ಪಾದ ನೋವಂದ್ರಿ, ಅದಕ್ಕ ಇನ್ನೊಂದ ಪದರ ಹೆಚ್ಚ ಹಾಕೇನಿ."

"ಕಾಲ ನೆಟ್ಟಗಾಗೇತಿ ಕಾಕಾ! ಆ ದಪ್ಪ ಅಂಚು ಈಗ ಪಾದಾನ ಡೊಂಕ ಮಾಡಾಕತ್ತೈತಿ!"

"ಮೊಣಕಾಲ ರಿಪೇರಿ ಅಂತ ಕೇಳಿದ್ನಿರಿ. ಮೊಣಕಾಲು ಡಾಕ್ಟರಂದು, ಪಾದ ನಂದು. ಒಬ್ಬರ ಹದ್ದಿನ್ಯಾಗ ಒಬ್ಬರು ಯಾಕ ಹೋಗೂದು?"

ಮುಂಬೈಯ ಡಾಕ್ಟರೂ ಇದನ್ನೇ ಬರೆದಿದ್ದರು. ಇಬ್ಬರೂ ಸೇರಿ ನನ್ನ ಕಾಲಿನ ನಡುವೆ ಬಾಂದಗಲ್ಲು ನೆಟ್ಟಿದ್ದರು. ಊರವರ ಹೊಲವನ್ನೆಲ್ಲ ಅಳೆದ ನಾನು ನನ್ನ ಪಾದವನ್ನೇ ಅಳೆಸಿರಲಿಲ್ಲ. ಕಾಕಾ ಅಂದು ಮೊದಲ ಸಲ ಕಾಗದದ ಮೇಲೆ ನನ್ನ ಪಾದ ಇಡಿಸಿ ಗೀಟು ಎಳೆದರು. "ಇನ್ನ ಯಾರಿಗೂ ಅಳತಿ ಇಲ್ಲದ ಹೊಲಿಬ್ಯಾಡ" ಎಂದು ಆಣೆ ಮಾಡಿಸಿಕೊಂಡು ಬಂದೆ.

ಬೆಳಿಗ್ಗೆ ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದೆ. ರಸ್ತೆಯಾಚೆ ಬೇವಿನ ಗಿಡದ ಕೆಳಗೆ ನಮ್ಮ ಸಾಹೇಬರು! ಬೂಟು ಕೈಯಲ್ಲಿ, ಬೊಬ್ಬೆ ಎದ್ದ ಪಾದ ಕಲ್ಲಿನ ಮೇಲೆ. ಕಾಕಾ ಅವರ ನಡಿಗೆ ನೋಡಿ ಆಗಲೇ ಚರ್ಮ ಕೊಯ್ಯಲು ಕೂತಿದ್ದರು.

"ಅಳತೆ ತಗೊಳ್ಳಲ್ವೇನಪ್ಪಾ?" ಎಂದರು ಸಾಹೇಬರು.

"ಬ್ಯಾಡ್ರಿ ಸಾಹೇಬ್ರ, ನಡದು ಬರೂದು ನೋಡೇನಲ್ಲ. ನೀವು ಎಡಕ್ಕ ವಾಲ್ತೀರಿ. ಆ ಕಡೆ ಎರಡು ಪದರ ದಪ್ಪ ಹಾಕ್ತೇನಿ."

ಚಹಾದ ಕಪ್ಪು ಬಸಿ ಅಲ್ಲೇ ಬಿಟ್ಟು, "ಕಾಕಾ, ಅಳತಿ ತಗೋ! ಅಳತಿ ತಗೋ!" ಎಂದು ಕೂಗುತ್ತ, ಬಸ್ಸಿಗೂ ಎಮ್ಮೆಗೂ ತಪ್ಪಿಸಿಕೊಂಡು ಒಂದೇ ಉಸಿರಿಗೆ ಗಿಡದ ಕೆಳಗೆ ಬಂದು ನಿಂತೆ. ಆಗ ನೆನಪಾಯಿತು, ಉಕ್ಕಿನ ಕೀಲು ಹಾಕಿಸಿಕೊಂಡ ಮೇಲೆ ನಾನು ಓಡಿದ್ದು ಅದೇ ಮೊದಲು.

ಸಾಹೇಬರು ನನ್ನ ಬರಿಗಾಲು ನೋಡಿದರು, ತಮ್ಮ ಬೊಬ್ಬೆ ನೋಡಿಕೊಂಡರು. ಜೇಬಿನಿಂದ ಕಾಗದ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಸಹಿ ಹಾಕಿದರು.

"ತಗೊಳ್ರೀ, ಹೋಗಿ ಅಳೀರಿ. ದಫ್ತರ ಕೋಣೇಲಿ ನಿಮಗೆ ಅಂತ ಇಟ್ಟಿದ್ದ ಕುರ್ಚಿ ಖಾಲಿ ಇದ್ಯಲ್ಲ, ಅದು ನನಗಿರ್ಲಿ."