ಲೆನ್ಸಣ್ಣ ನೋಡದ ಆಮೆ

ಲೆನ್ಸಣ್ಣ ಪೇಚಿಗೆ ಸಿಕ್ಕಿದ್ದು ಒಂದು ಆಮೆಯಿಂದ. ನಿಜವಾದ ಆಮೆಯಾಗಿದ್ದರೆ ಎತ್ತಿ ಪಕ್ಕಕ್ಕಿಟ್ಟು ತನ್ನ ದಾರಿ ಹಿಡಿಯಬಹುದಿತ್ತು. ಇದು ಕಾರ್ಟೂನ್ ಆಮೆ. ಏಳೇ ನಿಮಿಷದ ಚಿತ್ರ, ಬಂದು ಮೂವತ್ತು ವರ್ಷವಾಗಿತ್ತು. ಅದನ್ನು ನೋಡದ ಮನುಷ್ಯ ಊರಲ್ಲೇ ಇಲ್ಲ ಎಂದು ಎಲ್ಲರೂ ನಂಬಿದ್ದರು. ಇದ್ದ, ಒಬ್ಬ ಇದ್ದ, ಬಾಯಿ ಬಿಟ್ಟಿರಲಿಲ್ಲ ಅಷ್ಟೆ.

ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದು ಅವನ ಕೆಲಸ. ಹಾಗಾಗಿಯೇ ಲೆನ್ಸಣ್ಣ ಎಂಬ ಹೆಸರು ಬಿದ್ದಿತ್ತು. ಚಿತ್ರ ಮೊದಲ ಸಲ ಟೀವಿಯಲ್ಲಿ ಬಂದ ದಿನ ಅವನ ಮನೆಯಲ್ಲಿ ಕರೆಂಟು ಕೈ ಕೊಟ್ಟಿತು. ಮಾರನೆಯ ದಿನ ಎಲ್ಲರೂ ಅದರದ್ದೇ ಮಾತಾಡಿ ನಕ್ಕಾಗ, ಒಬ್ಬನೇ ಪೆಚ್ಚಾಗಿ ನಿಲ್ಲಲಾರದೆ ಇವನೂ ನಕ್ಕ. ಒಮ್ಮೆ ನಕ್ಕ ಮೇಲೆ, ನೋಡಿಲ್ಲ ಎಂದು ಹೇಳುವುದಕ್ಕೆ ಮುಖ ಎಲ್ಲಿಂದ ಬರಬೇಕು?

ಚಿತ್ರದ ಕತೆ ಕೇಳಿ ಕೇಳಿಯೇ ಮುಕ್ಕಾಲು ಪಾಲು ಗೊತ್ತಿತ್ತು. ಆಮೆ ಒಬ್ಬ ಬಡಗಿ, ಸತ್ತವರಿಗೆ ಪೆಟ್ಟಿಗೆ ಮಾಡುವವನು. ವ್ಯಾಪಾರ ಮಂದ. ಪಕ್ಕದ ಮನೆಯ ಮುದಿ ಕೋಳಿಗೆ ಕಾಯಿಲೆ ಎಂಬ ಸುದ್ದಿ ಕೇಳಿ, ಅಳತೆಯ ಟೇಪು ಹಿಡಿದುಕೊಂಡು ಹೋಗಿ ಮಂಚದ ಪಕ್ಕ ಕೂರುತ್ತಾನೆ. "ನಿಧಾನಕ್ಕೆ ಆಗ್ಲಿ, ನಂಗೇನೂ ಆತುರ ಇಲ್ಲ," ಅನ್ನುತ್ತಾನೆ. ಕೋಳಿ ಸಾಯುವುದಿಲ್ಲ. ಅದನ್ನು ನೋಡಲು ಬಂದ ಗಟ್ಟಿಮುಟ್ಟಾದ ನೆಂಟರು ಒಬ್ಬೊಬ್ಬರಾಗಿ ಗೊಟಕ್ ಅನ್ನುತ್ತಾರೆ. ಕೊನೆಗೆ ಏನಾಗುತ್ತದೆ ಎಂಬುದು ಮಾತ್ರ ಲೆನ್ಸಣ್ಣನಿಗೆ ಗೊತ್ತಿರಲಿಲ್ಲ. ಯಾಕೆಂದರೆ ಹೇಳುವವರು ಯಾರೇ ಆಗಲಿ, ಅಲ್ಲಿಗೆ ಬರುವಷ್ಟರಲ್ಲಿ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡು ಕುಸಿದಿರುತ್ತಿದ್ದರು.

ಆಮೆಯ ಆ "ನಂಗೇನೂ ಆತುರ ಇಲ್ಲ" ಎಂಬ ಮಾತಂತೂ ಎಲ್ಲರ ಬಾಯಲ್ಲೂ ಇತ್ತು. ಬಸ್ಸು ತಡವಾದರೆ ಅದೇ, ಸಾಲು ಉದ್ದವಾದರೆ ಅದೇ. ಲೆನ್ಸಣ್ಣನ ಮಾವ ಆಪರೇಷನ್ ಕೋಣೆಗೆ ಹೋಗುವಾಗ ಸರ್ಜನ್ನಿಗೆ ಆಮೆಯ ದನಿಯಲ್ಲೇ ಅದನ್ನು ಹೇಳಿ, ಅವರ ಕೈಯಲ್ಲಿದ್ದ ಕತ್ತರಿ ನಗುವಿಗೆ ನಡುಗುವಂತೆ ಮಾಡಿದ್ದರು. ಮಾವ ಬದುಕಿದರು. ಆಪರೇಷನ್ನಿನ ಸುದ್ದಿಗಿಂತ ಆ ಮಾತಿನ ಸುದ್ದಿಯೇ ದೊಡ್ಡದಾಯಿತು.

ಹೀಗಿರುವಾಗ ಒಂದು ಬೆಳಿಗ್ಗೆ ಅಂಗಡಿಯ ಯಜಮಾನಿಯ ಫೋನು ಬಂತು. ಸಂಜೆ ಬಾಗಿಲು ಹಾಕಿದ ಮೇಲೆ ಅಂಗಡಿಯ ಗೋಡೆಯ ಮೇಲೆ ಆಮೆಯ ಚಿತ್ರ ಹಾಕಿಸುತ್ತೇನೆ, ಎಲ್ಲರೂ ಮನೆಯವರನ್ನು ಕರೆದುಕೊಂಡು ಬನ್ನಿ, ಎಂದರು. ಚಿತ್ರಕ್ಕೆ ಮುಂಚೆ ಲೆನ್ಸಣ್ಣ ನಾಲ್ಕು ಮಾತಾಡಬೇಕಂತೆ.

"ಇಷ್ಟು ವರ್ಷ ಆದ್ರೂ ಅದು ಯಾಕೆ ಹಳೇದಾಗಿಲ್ಲ ಅಂತ ನೀವೇ ಹೇಳ್ಬೇಕು. ಅಷ್ಟು ಸಲ ನೋಡಿದೀರಲ್ಲ. ಆಮೇಲೆ ಹೊಸ ಬ್ರಾಂಚಿನ ವಿಷಯ ನಾನು ಹೇಳ್ತೀನಿ."

ಹೊಸ ಬ್ರಾಂಚು ಲೆನ್ಸಣ್ಣನ ಮನೆಯ ಎದುರು ರಸ್ತೆಯಲ್ಲೇ ತೆರೆಯುವುದಿತ್ತು. ಅದರ ಉಸ್ತುವಾರಿ ಸಿಕ್ಕಿದರೆ ಎರಡು ಬಸ್ಸು ಹಿಡಿಯುವುದು ತಪ್ಪುತ್ತಿತ್ತು, ಗಾಜಿನ ಪುಡಿ ತಪ್ಪುತ್ತಿತ್ತು, ಮಧ್ಯಾಹ್ನ ಮನೆಗೆ ಬಂದು ಬಿಸಿಯೂಟ ಮಾಡಿ ಹೋಗಬಹುದಿತ್ತು. ಹೆಂಡತಿ ಆಗಲೇ ಬೀದಿಗೆಲ್ಲ ಸಾರಿಬಿಟ್ಟಿದ್ದಳು. ಬೇಕಾದದ್ದು ಏಳು ನಿಮಿಷ, ಅಷ್ಟೆ ತಾನೆ, ಎಂದು ಸಮಾಧಾನ ಮಾಡಿಕೊಂಡು ಅವನು ಮಲಗುವ ಕೋಣೆಯ ಬಾಗಿಲು ಮುಂದೆ ಮಾಡಿ ಫೋನಿನಲ್ಲಿ ಚಿತ್ರ ಹಾಕಿದ.

ಶುರುವಿನ ಸಂಗೀತ ಕೇಳಿಸಿದ್ದೇ ತಡ, ಅಡುಗೆಮನೆಯಿಂದ ಹೆಂಡತಿ ಸೌಟು ಸಮೇತ ಓಡಿ ಬಂದಳು. ನನ್ನನ್ನು ಬಿಟ್ಟು ನೋಡ್ತೀರಾ ಎಂದು ಜಗಳ ತೆಗೆದು, ಫೋನು ಕಿತ್ತುಕೊಂಡು ಕೈಯಲ್ಲಿ ಹಿಡಿದುಕೊಂಡೇ ಕೋಳಿಯಂತೆ ಮಂಚದ ಮೇಲೆ ಬಿದ್ದು ತೋರಿಸಿದಳು. ಮೇಲಿನ ಮನೆಯ ಅತ್ತೆಮ್ಮನಿಗೂ ಸಂಗೀತ ಕೇಳಿಸಿತು. ಮಂಡಿನೋವಿನ ಆ ಮುದುಕಿ ಮೆಟ್ಟಿಲು ಇಳಿದು ಬಂದು, ಸೊಂಟಕ್ಕೆ ಕಟ್ಟಿದ್ದ ದಾರ ಬಿಚ್ಚಿ ಲೆನ್ಸಣ್ಣನ ಉದ್ದಗಲ ಅಳೆದೇಬಿಟ್ಟರು. ಇಬ್ಬರೂ ನಕ್ಕು ನಕ್ಕು ಮುಗಿಸುವಷ್ಟರಲ್ಲಿ ಏಳು ನಿಮಿಷ ಮುಗಿದಿತ್ತು, ಬಸ್ಸೂ ಹೋಗಿತ್ತು.

ಅಂಗಡಿಯಲ್ಲಿ ಅವನು ಶೌಚಾಲಯದ ಚಿಲಕ ಹಾಕಿಕೊಂಡು ಫೋನಿನಲ್ಲಿ ಮತ್ತೆ ಚಿತ್ರ ಹಾಕಿದ. ದನಿ ಎಷ್ಟು ತಗ್ಗಿಸಿದರೂ ಹೊರಗೆ ಕೈ ತೊಳೆಯುತ್ತಿದ್ದ ಕ್ಯಾಷಿಯರ್‌ಗೆ ಕೇಳಿಸಿತು. ಅವನಿಗೆ ಮೈಮೇಲೆ ಬಂದಂತಾಯಿತು. ಆಮೆ ಕೋಳಿಯ ಬಾಗಿಲು ತಟ್ಟುವ ಹಾಗೆ ದಡದಡ ಬಾಗಿಲು ತಟ್ಟಿದ. ಲೆನ್ಸಣ್ಣ ಬೆಚ್ಚಿಬಿದ್ದ, ಫೋನು ಬಕೆಟ್ಟಿಗೆ ಬಿತ್ತು. ನೀರಿನೊಳಗೆ ಅದು ಎರಡು ಸಲ ಗುಳುಗುಳು ಅಂದು ಕಣ್ಣು ಮುಚ್ಚಿತು.

ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತು ನೋಡಿಕೊಂಡು ಅವನು ಕಣ್ಣು ಪರೀಕ್ಷೆ ಮಾಡುವ ಡಾಕ್ಟರಮ್ಮನ ಕೋಣೆಗೆ ಹೋದ. ನಿಮ್ಮ ಕಂಪ್ಯೂಟರಲ್ಲಿ ಆಮೆಯ ಚಿತ್ರ ಇದೆಯಾ, ಸುಮ್ಮನೆ ಇನ್ನೊಂದು ಸಲ ನೋಡೋಣ ಅಂತ, ಎಂದು ಹಲ್ಲು ಗಿಂಜಿದ. ಡಾಕ್ಟರಮ್ಮನ ಮುಖ ಊರಗಲವಾಯಿತು. ಚಿತ್ರ ಹಾಕಿದವರೇ ಪರದೆಗೆ ಬೆನ್ನು ಮಾಡಿ ನಿಂತು, ಆಮೆಯಾಗಿ, ಕೋಳಿಯಾಗಿ, ಸತ್ತ ನೆಂಟರೆಲ್ಲರೂ ತಾವೇ ಆಗಿ ಒಂದೊಂದು ಮಾತನ್ನೂ ಒಪ್ಪಿಸಿದರು. ಲೆನ್ಸಣ್ಣ ಎಡಕ್ಕೆ ಬಗ್ಗಿದರೆ ಅವರೂ ಎಡಕ್ಕೆ ವಾಲಿದರು, ಬಲಕ್ಕೆ ಬಗ್ಗಿದರೆ ಬಲಕ್ಕೆ. ಕೊನೆಯ ಭಾಗ ಬಂದಾಗ ನಗು ತಡೆಯಲಾಗದೆ ಕಂಪ್ಯೂಟರನ್ನೇ ತಬ್ಬಿಕೊಂಡರು.

ಸಂಜೆಯಾಯಿತು. ಕುರ್ಚಿ ಹಾಕಿದರು, ಗೋಡೆಗೆ ಬಿಳಿ ಬಟ್ಟೆ ಕಟ್ಟಿದರು. ಹೆಂಡತಿ ಹೊಸ ಸೀರೆಯುಟ್ಟು ಮೊದಲ ಸಾಲಿನಲ್ಲಿ ಕೂತಿದ್ದಳು. ಲೆನ್ಸಣ್ಣ ಅವಳ ಹೆಮ್ಮೆಯ ಮುಖ ನೋಡದೆ ಮುಂದೆ ಹೋದ. ಮೈಕಿನ ಮುಂದೆ ನಿಂತವನು, ಆಮೆ ಎಂದರೆ ಏನೆಂದರೆ, ಎಂದು ಶುರು ಮಾಡಿ ಮುಂದೆ ತೋಚದೆ ಮೈಕನ್ನು ಗಾಜಿನಂತೆ ಉಜ್ಜಿದ. ಅಂಗಡಿಯವರೆಲ್ಲ ಪ್ರೀತಿಯಿಂದ ಅವನನ್ನೇ ನೋಡುತ್ತಿದ್ದರು. ಆ ಪ್ರೀತಿಯ ಎದುರು ಸುಳ್ಳು ಹೇಳಲು ಅವನಿಗೆ ನಿಜವಾಗಿಯೂ ನಾಚಿಕೆಯಾಯಿತು. ಬ್ರಾಂಚು ಹೋದರೆ ಹೋಗಲಿ ಎಂದು ಕಣ್ಣು ಮುಚ್ಚಿಕೊಂಡ.

"ನಾನು ಈ ಚಿತ್ರ ನೋಡೇ ಇಲ್ಲ," ಎಂದ. "ಒಂದು ಸಲಾನೂ ಇಲ್ಲ."

ಹೆಂಡತಿ ಸೆರಗು ಬಾಯಿಗೊತ್ತಿಕೊಂಡಳು. ಯಜಮಾನಿ ನಿಧಾನವಾಗಿ ಎದ್ದು ಬಂದು ಅವನ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣಲ್ಲಿ ಸಿಟ್ಟಿರಲಿಲ್ಲ, ಹೊಟ್ಟೆಕಿಚ್ಚಿತ್ತು.

"ಮೊದಲ್ನೇ ಸಲ ನೋಡೋದು ನಿಮಗೆ ಇನ್ನೂ ಬಾಕಿ ಇದೆಯಾ? ಎಂಥ ಪುಣ್ಯವಂತ್ರಪ್ಪ ನೀವು. ನಾವೆಲ್ಲ ನೂರು ಸಲ ನೋಡಿ ಆಗಿದೆ. ಈಗ ನಮಗೆ ಉಳಿದಿರೋ ಸುಖ ಒಂದೇ, ನೋಡದೇ ಇರೋರಿಗೆ ತೋರಿಸೋದು. ಅಂಥೋರು ಎಲ್ಲೂ ಸಿಕ್ತಾನೇ ಇರ್ಲಿಲ್ಲ."

ಮನಸ್ಸಲ್ಲಿದ್ದದ್ದನ್ನೂ ಅವರು ಅಲ್ಲೇ ಹೇಳಿಬಿಟ್ಟರು: ಇಷ್ಟು ನೇರ ಮನುಷ್ಯನಿಗಲ್ಲದೆ ಬ್ರಾಂಚು ಇನ್ಯಾರಿಗೆ, ಚಿತ್ರ ಮುಗಿಯಲಿ, ಕೀಲಿಕೈ ಕೊಡುತ್ತೇನೆ. ಚಪ್ಪಾಳೆ ಬಿತ್ತು. ಲೆನ್ಸಣ್ಣನ ಎದೆಯ ಮೇಲಿದ್ದ ಬಂಡೆ ಉರುಳಿಹೋಯಿತು. ಅವನನ್ನು ನಡುಮಧ್ಯದ ಕುರ್ಚಿಯಲ್ಲಿ ಮದುಮಗನಂತೆ ಕೂರಿಸಿ ದೀಪ ಆರಿಸಿದರು.

ಚಿತ್ರ ಶುರುವಾಯಿತು. ಆಮೆಯ ಮೂಗಿನ ತುದಿ ಬಂತು. ಅಷ್ಟರಲ್ಲಿ ಕ್ಯಾಷಿಯರ್ ಮುಂದೆ ಬಂದು, ಬಗ್ಗಿ, ಲೆನ್ಸಣ್ಣನ ಮುಖ ನೋಡತೊಡಗಿದ. ಆಮೇಲೆ ಡಾಕ್ಟರಮ್ಮ. ಆಮೇಲೆ ಸ್ವತಃ ಯಜಮಾನಿ. ಮೊದಲ ಸಲ ನೋಡುವವನ ಮುಖ ಯಾರಿಗೆ ಬೇಡ? ಕ್ಷಣದಲ್ಲಿ ಇಡೀ ಅಂಗಡಿ ಪರದೆಗೆ ಬೆನ್ನು ಹಾಕಿ ಅವನ ಎದುರು ಗೋಡೆಯಾಗಿ ನಿಂತಿತು. ಈಗ ನೋಡಿ, ಈಗ ಬರುತ್ತೆ ನೋಡಿ, ಎಂದು ಅವನಿಗೇ ಹೇಳುತ್ತಿದ್ದರು. ಹೆಂಡತಿಯಂತೂ ಮೂಗಿಗೆ ಮೂಗು ತಾಗುವಷ್ಟು ಹತ್ತಿರವಿದ್ದಳು. ಲೆನ್ಸಣ್ಣನಿಗೆ ಕಂಡದ್ದು ಅರಳಿದ ಮುಖಗಳು, ಹಲ್ಲುಗಳು, ಕುಲುಕುವ ಹೊಟ್ಟೆಗಳು. ಅವುಗಳ ಖುಷಿ ನೋಡಿ ಅವನಿಗೂ ನಗು ಒತ್ತರಿಸಿಕೊಂಡು ಬಂತು. ಬದುಕಿನಲ್ಲೇ ಅಷ್ಟು ನಕ್ಕಿರಲಿಲ್ಲ. ಕಣ್ಣಿಂದ ಧಾರಾಕಾರ ನೀರು ಸುರಿಯಿತು.

ದೀಪ ಹತ್ತಿತು. ಕೊನೆ ಹೇಗಿತ್ತು ಎಂದು ಎಲ್ಲರೂ ಮುಗಿಬಿದ್ದರು. ಸುಳ್ಳಿನ ಸಹವಾಸ ಸಾಕೆಂದು ಆಗಷ್ಟೇ ತೀರ್ಮಾನಿಸಿದ್ದ ಲೆನ್ಸಣ್ಣ ಕಣ್ಣೊರೆಸಿಕೊಳ್ಳುತ್ತ ನಿಜವನ್ನೇ ಹೇಳಿದ.

"ನೀವೆಲ್ಲ ಅಡ್ಡ ಇದ್ರಿ. ನಂಗೇನೂ ಕಾಣಿಸ್ಲಿಲ್ಲ."

ಅಡ್ಡವೇ? ನಾನು ಒಂಚೂರು ಪಕ್ಕದಲ್ಲೇ ನಿಂತಿದ್ದೆ ಎಂದು ಕ್ಯಾಷಿಯರ್ ಆಣೆಯಿಟ್ಟ. ನಾನೂ ಅಷ್ಟೆ ಎಂದರು ಡಾಕ್ಟರಮ್ಮ. ಯಾರನ್ನು ಕೇಳಿದರೂ ಅವರು ಪಕ್ಕದಲ್ಲೇ ನಿಂತಿದ್ದರು, ನಡುವೆ ಯಾರೂ ಇರಲಿಲ್ಲ. ಅಷ್ಟು ದೊಡ್ಡ ಗೋಡೆಯ ಮೇಲಿನ ಚಿತ್ರ ಕಾಣಿಸಲಿಲ್ಲವೆಂದರೆ ಕನ್ನಡಕದ ಅಂಗಡಿಯವರ ಬುದ್ಧಿ ಇನ್ನೆಲ್ಲಿಗೆ ಹೋಗಬೇಕು? ಎಲ್ಲರೂ ಅಯ್ಯೋ ಪಾಪ ಎನ್ನುತ್ತ ಅವನನ್ನು ಹೊತ್ತೊಯ್ದಂತೆ ಒಯ್ದು ಪರೀಕ್ಷೆಯ ಕುರ್ಚಿಯಲ್ಲಿ ಕೂರಿಸಿದರು.

ಡಾಕ್ಟರಮ್ಮ ಅಕ್ಷರದ ಹಲಗೆ ತೋರಿಸಿದರು. ನಕ್ಕು ನಕ್ಕು ಕಣ್ಣು ತುಂಬಿದ್ದ ಲೆನ್ಸಣ್ಣನಿಗೆ ಅಕ್ಷರಗಳೆಲ್ಲ ನೀರಲ್ಲಿ ಈಜುವಂತೆ ಕಂಡವು. ಮೊದಲ ಸಾಲೂ ಓದಲಾಗಲಿಲ್ಲ. ನಗುವಿನಿಂದ ಹೀಗಾಗಿದೆ ಎಂದು ಹೇಳಹೋದರೆ ಮತ್ತೆ ನಗು ಬಂದು ಇನ್ನಷ್ಟು ನೀರು ತುಂಬಿಕೊಂಡಿತು. ಡಾಕ್ಟರಮ್ಮ ತಲೆಯಾಡಿಸಿ ದಪ್ಪ ಗಾಜಿನ ನಂಬರು ಬರೆದರು.

ಯಜಮಾನಿಗೆ ನಿಜಕ್ಕೂ ದುಃಖವಾಗಿತ್ತು. ಕಣ್ಣೇ ಕಾಣಿಸದವರನ್ನು ಕನ್ನಡಕದ ಅಂಗಡಿಯ ಉಸ್ತುವಾರಿಗೆ ಕೂರಿಸಿದರೆ ಗಿರಾಕಿಗಳು ಏನಂದುಕೊಳ್ಳುತ್ತಾರೆ ಎಂದು ನಯವಾಗಿ ಹೇಳಿ, ಕೀಲಿಕೈಯನ್ನು ಕ್ಯಾಷಿಯರ್‌ಗೆ ಕೊಟ್ಟರು. ಲೆನ್ಸಣ್ಣನಿಗೆ ಅಂಗಡಿಯ ಕಡೆಯಿಂದ ಒಂದು ಕನ್ನಡಕ ಉಡುಗೊರೆ ಕೊಟ್ಟರು. ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸವನ್ನು ಅಲ್ಲೇ ಅವನಿಂದಲೇ ಮಾಡಿಸಿದರು.

ಹೆಂಡತಿ ತನ್ನ ಕೈಯಾರೆ ಅದನ್ನು ಅವನ ಮೂಗಿನ ಮೇಲಿಟ್ಟಳು. ಎದುರಿಗಿದ್ದವರೆಲ್ಲ ಒಬ್ಬರಿಗೆ ಇಬ್ಬರಾಗಿ ಕಂಡರು. "ಈಗ ಸರಿಯಾಗಿ ಕಾಣಿಸುತ್ತೆ, ಇನ್ನೊಂದು ಸಲ ಹಾಕಿ," ಎಂದು ಅವಳು ಯಜಮಾನಿಗೆ ಹೇಳಿದಳು. ಮತ್ತೆ ದೀಪ ಆರಿತು, ಮತ್ತೆ ಸಂಗೀತ ಶುರುವಾಯಿತು. ಕನ್ನಡಕ ಹಾಕಿಕೊಂಡು ನೋಡುವವನ ಮುಖ ಹೇಗಿರುತ್ತದೋ ಎಂಬ ಕುತೂಹಲಕ್ಕೆ, ಈ ಸಲ ಎಲ್ಲರೂ ಇನ್ನೂ ಹತ್ತಿರ ಬಂದು ನಿಂತರು.