ಗುಣವಾದವರ ಬಳಿಯೂ ಕ್ಷಮೆ ಕೇಳುವ ಡಾಕ್ಟರು

ರೋಗಿಗಳನ್ನು ಓಡಿಸುವುದರಲ್ಲಿ ನನ್ನ ಬಾಮೈದನನ್ನು ಮೀರಿಸುವ ಡಾಕ್ಟರು ಇನ್ನೊಬ್ಬರಿಲ್ಲ! ಮತ್ತಿಗಿರಿಯ ತನ್ನ ಕ್ಲಿನಿಕ್ಕಿನಲ್ಲಿ ಡಿಗ್ರಿಯ ಪಕ್ಕದಲ್ಲೇ ಹಲಗೆ ತೂಗುಹಾಕಿ, ತಿಂಗಳ ತಪ್ಪುಗಳನ್ನೆಲ್ಲ ಸೀಮೆಸುಣ್ಣದಲ್ಲಿ ಬರೆಯುತ್ತಾನೆ. ಮೊದಲು ಕಾರ್ಖಾನೆಯೊಂದರಲ್ಲಿ ಡಾಕ್ಟರಾಗಿದ್ದನಲ್ಲ, ಅಲ್ಲಿ ಅಂಟಿದ ಚಟ. ಅಲ್ಲಿ ಕೆಟ್ಟ ಬೋಲ್ಟುಗಳ ಲೆಕ್ಕವನ್ನು ಹಾಗೆ ಬರೆಯುತ್ತಾರಂತೆ. ಬೋಲ್ಟಿಗೆ ಓದು ಬರುವುದಿಲ್ಲ, ರೋಗಿಗೆ ಬರುತ್ತದೆ! ಓದಿದವರು ಒಬ್ಬೊಬ್ಬರಾಗಿ ಎದುರಿನ ಕ್ಲಿನಿಕ್ಕಿಗೆ ದಾಟತೊಡಗಿದರು. ಹೀಗೇ ಆದರೆ ಬಾಗಿಲು ಮುಚ್ಚುವುದೊಂದೇ ಬಾಕಿ.

ಹಾರ್ಡ್‌ವೇರ್ ಅಂಗಡಿಯನ್ನು ಕೈಯಾರೆ ಕಟ್ಟಿದವನು ನಾನು, ಬುದ್ಧಿ ಹೇಳದೆ ಇರಲಾದೀತೆ?

“ಗಿರಾಕಿ ವಾಪಸ್ ತರದ ನಲ್ಲಿ ಒಳ್ಳೆ ನಲ್ಲೀನೇ ಕಣ್ಲಾ. ಅಳ್ಸು ಆ ಹಲಗೇನ.”

“ತೊಟ್ಟಿಕ್ತಾ ಇದ್ರೆ, ಭಾವ?”

“ನೀನ್ಯಾಕ್ಲಾ ಓಗಿ ಕಿವಿ ಇಕ್ತೀಯ?”

ಕೇಳಿದನೇ? ಕೆಲಮಂಗಲದ ಅಜ್ಜಿಯೊಬ್ಬಳಿಗೆ ಬೇರೆಯವರ ಔಷಧಿ ಕೊಟ್ಟೆನೆಂದು ಅವಳ ಮನೆಗೇ ಹೋದ. ಕರೆಯದೆ ಡಾಕ್ಟರು ಬಂದದ್ದು ಕಂಡು ಸೊಸೆಯಂದಿರು ಅಳಲು ಶುರುಮಾಡಿದರು. ಅಜ್ಜಿ ಮಾತ್ರ, “ಕೆಮ್ಮು ನಿಂತೋಯ್ತು ಸಾಮಿ. ಅದೇ ತಪ್ಪು ಇನ್ನೊಂದ್ ಕಿತ ಮಾಡು!” ಎಂದಳು.

ಡಾಕ್ಟರುಗಳ ಸಭೆಯಲ್ಲೂ ಕೇಳಿದನಂತೆ, ತಪ್ಪು ಅಂದರೆ ಯಾವುದು ಎಂದು. ಗುಣವಾದರೆ ಚಿಕಿತ್ಸೆ, ಆಗದಿದ್ದರೆ ಸೈಡ್ ಎಫೆಕ್ಟು, ಹೋಗಿಬಿಟ್ಟರೆ ಹಣೆಬರಹ. “ಹಾಗಾದರೆ ತಪ್ಪು?” ಹಿರಿಯರೊಬ್ಬರು ವಡೆ ಮುರಿಯುತ್ತಾ ಹೇಳಿದರಂತೆ: “ಅದು ನಮ್ಮ ಹತ್ತಿರ ಬರುವ ಮುಂಚೆ ನೋಡಿದ ಡಾಕ್ಟರದ್ದು!” ಎಂಥ ವ್ಯವಹಾರಜ್ಞಾನ!

ಯುಗಾದಿಯ ಮರುದಿನ ಹೊಸತೊಡಕಿನ ಬಾಡೂಟ ಮುಗಿಸಿ, ಎದೆಯುರಿಯೆಂದು ಅವನ ಬಳಿ ಹೋದೆ. ಗ್ಯಾಸಿನ ಮಾತ್ರೆ ಕೊಟ್ಟ. ಸಂಜೆಗೆ ಹೊಸೂರಿನ ದೊಡ್ಡಾಸ್ಪತ್ರೆ ಸೇರಿದೆ. ಹೃದಯಾಘಾತವಂತೆ! ‘ಬಾಡೂಟದ ದಿನ ಯಾರೇ ಆದರೂ ಗ್ಯಾಸ್ ಅಂತಲೇ ತಿಳಿಯುತ್ತಾರೆ, ಇದು ತಪ್ಪಲ್ಲ’ ಎಂದು ಅಲ್ಲಿನವರು ತೀರ್ಪು ಕೊಟ್ಟರು. ಇವನು ಒಪ್ಪಬೇಕಲ್ಲ! ಮರುದಿನ ಬಂದವನೇ ವಾರ್ಡಿಗೆಲ್ಲ ಕೇಳುವಂತೆ, “ತಪ್ಪು ನಂದೇ ಭಾವ!” ಎಂದ.

“ಮೆಲ್ಲಗೆ ಮಾತಾಡ್ಲಾ, ಇರೋ ನಾಕು ಜನಾನೂ ಓಗ್ಬುಡ್ತಾರೆ!”

“ಓಗ್ಲಿ. ಇಸಿಜಿ ತೆಗೀಬೇಕಿತ್ತು, ತೆಗೀಲಿಲ್ಲ.”

ಎಲ್ಲದರಲ್ಲೂ ಚೌಕಾಸಿ ಮಾಡುವ ನಾನು ರೋಗದಲ್ಲೂ ಮಾಡಿದ್ದೆ. ಅವನ ಮುಖ ನೋಡಿದ ಮೇಲೆ ಬಚ್ಚಿಡಲಾಗಲಿಲ್ಲ. “ಎಡಗೈನೂ ಸೆಳೀತಿತ್ತು ಕಣ್ಲಾ. ನಿಂಗೆ ಯೋಳ್ನಿಲ್ಲ.”

ಅವನು ಬೈಯಲಿಲ್ಲ. “ನಾ ಕೇಳ್ಬೇಕಿತ್ತು,” ಎಂದ. ನಾಡಿ ನೋಡಲು ಹಿಡಿದ ಕೈಯನ್ನು ಎಣಿಸಿ ಮುಗಿದ ಮೇಲೂ ಬಿಡಲಿಲ್ಲ.

ಪಕ್ಕದ ಹಾಸಿಗೆಯ ಹೆಂಗಸು ಎದ್ದು ಕೂತಳು. “ನಿಮ್ ಕ್ಲಿನಿಕ್ ಎಲ್ಲೈತೆ ಸಾರ್?”

ವಿಳಾಸ ನಾನೇ ಹೇಳಿದೆ.