ಸೆಕೆಂಡಿಗೆ ಎರಡು ಕ್ಯಾಲರಿ

ನಮ್ಮ ಮಾವನವರಿಗೆ ಈ ಭೂಮಿಯ ಮೇಲೆ ಶತ್ರುಗಳೇ ಇಲ್ಲ, ವ್ಯಾಟ್ ಒಂದನ್ನು ಬಿಟ್ಟರೆ. ಅಫಜಲಪುರದ ಕಡೆ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಬಾಯ್ಲರ್ ನೋಡಿಕೊಂಡಿದ್ದು, ನಿವೃತ್ತರಾಗಿ ಆಳಂದಕ್ಕೆ ಬಂದವರು. ಶಾಖ ಎಂದರೆ ಕ್ಯಾಲರಿ, ವ್ಯಾಟ್ ಎನ್ನುವುದು ಲೈನ್‌ಮನ್‌ಗಳ ಭಾಷೆ ಎಂಬುದು ಅವರ ಪಕ್ಕಾ ನಂಬಿಕೆ. ಬೇರೆಯವರ ಮಾವಂದಿರು ನಿವೃತ್ತರಾದರೆ ಪೇಪರ್ ಓದುತ್ತಾರೆ, ಕಟ್ಟೆಗೆ ಹೋಗಿ ಹರಟೆ ಹೊಡೆಯುತ್ತಾರೆ. ನಮ್ಮವರು ಥರ್ಮಾಮೀಟರ್ ಹಿಡಿದು ಸೀದಾ ನನ್ನ ಒಲೆಯ ಹತ್ತಿರ ಬಂದರು. ಇದು ಯಾವ ನ್ಯಾಯ?

ನನ್ನ ಒಲೆ ಬರೀ ಮನೆಯ ಒಲೆಯಲ್ಲ. ನಾನು ಜೋಳದ ರೊಟ್ಟಿ ಬಡಿದು ಮಾರುವವಳು. ಗಾಣಗಾಪುರದ ಒಂದು ಲಾಡ್ಜಿಗೆ ದಿನಾ ನೂರೈವತ್ತು ರೊಟ್ಟಿ ಹತ್ತು ಗಂಟೆಯ ಬಸ್ಸಿಗೆ ಹೋಗಬೇಕು. ಹೋದ ತಿಂಗಳು ಲಾಡ್ಜಿನವರು ಮುನ್ನೂರು ಕಳಿಸ್ತೀರಾ ಎಂದು ಕೇಳಿದರು. ಹೂಂ ಎಂದುಬಿಟ್ಟೆ. ನನ್ನ ಹಳೆಯ ತೊಗರಿಕಟ್ಟಿಗೆಯ ಒಲೆಯ ಮೇಲೆ ಮುನ್ನೂರು ಆಗದು, ದೊಡ್ಡ ಒಲೆ ಬೇಕು. ಒಲೆ ಬರದಿದ್ದರೆ ಆರ್ಡರು ಬೇರೆಯವರ ಪಾಲು. ಇಷ್ಟು ಸರಳ ವಿಷಯ.

ಆದರೆ ನಮ್ಮ ಮನೆಯಲ್ಲಿ ಸರಳವಾದದ್ದು ಯಾವುದಿದೆ? ಹಿಟ್ಟು ತಟ್ಟಿ ಕೈ ಎತ್ತುವಷ್ಟರಲ್ಲಿ ಮಾವನವರು ಹೆಂಚು ಇಳಿಸಿ ಎರಡು ಲೀಟರ್ ನೀರಿನ ಪಾತ್ರೆ ಇಡುತ್ತಿದ್ದರು. ನಾಲ್ಕು ನಿಮಿಷ ಗಡಿಯಾರ ನೋಡುವುದು, ಇಪ್ಪತ್ತು ಡಿಗ್ರಿ ಏರಿತೆಂದು ಬರೆದುಕೊಳ್ಳುವುದು.

“ನಿಮಿಷಕ್ಕ ಹತ್ತು ಕಿಲೊಕ್ಯಾಲರಿ,” ಎನ್ನುವರು. “ಅಂದ್ರ ತಾಸಿಗೆ ಆರ್ನೂರು. ಸೆಕೆಂಡಿಗೆ ನೂರಾ ಅರವತ್ತೇಳು ಕ್ಯಾಲರಿ.”

“ಮಾವಾರ, ಅದರಾಗ ರೊಟ್ಟಿ ಎಷ್ಟಾತ್ರಿ?”

“ಅದು ನಿನ್ನ ಡಿಪಾರ್ಟ್‌ಮೆಂಟ್.”

ಸಾವಿರ ಕ್ಯಾಲರಿಗೆ ಒಂದು ಕಿಲೊಕ್ಯಾಲರಿ, ಮೂರು ಸಾವಿರದ ಆರುನೂರು ಸೆಕೆಂಡಿಗೆ ಒಂದು ತಾಸು. ಹಾಗಾಗಿ ಸೆಕೆಂಡಿಗೆ ಒಂದು ಕ್ಯಾಲರಿ ಎಂದರೆ ತಾಸಿಗೆ ಮೂರು ಪಾಯಿಂಟ್ ಆರು ಕಿಲೊಕ್ಯಾಲರಿ. ಕೇಳಿ ಕೇಳಿ ನನಗೂ ಬಾಯಿಪಾಠವಾಗಿದೆ. ಪಿಯುಸಿಯಲ್ಲಿ ಬರದ ವಿಜ್ಞಾನ ಒಲೆಯ ಮುಂದೆ ಕುಳಿತು ಬಂತು, ಯಾರಿಗೆ ಬೇಕಿತ್ತು?

ಜೇವರ್ಗಿಯಲ್ಲಿ ನನ್ನ ತವರಿನ ಕಡೆಯ ಒಂದು ಮದುವೆ. ಬೇಸಿಗೆ, ತಗಡಿನ ಶೆಡ್ಡು, ಜನ ಬೆವರಿನಲ್ಲಿ ತೋಯ್ದು ಹೋಗಿದ್ದರು. ಆಹೇರಿ ಉಡುಗೊರೆ ಕೊಟ್ಟವರ ಹೆಸರು ಕೂಗುತ್ತಿದ್ದ ಮೈಕು ಅದು ಹೇಗೋ ಮಾವನವರ ಕೈಗೆ ಸಿಕ್ಕಿತು. “ಒಬ್ಬ ಮನಷ್ಯಾ ಸುಮ್ನ ಕುಂತ್ರೂ ತಾಸಿಗೆ ನೂರು ಕಿಲೊಕ್ಯಾಲರಿ ಶಾಖಾ ಬಿಡ್ತಾನ. ಇಲ್ಲಿ ಮುನ್ನೂರು ಮಂದಿ ಇದ್ದೀರಿ. ತಾಸಿಗೆ ಮೂವತ್ತು ಸಾವಿರ. ಊಟ ಆದವರು ದಯಮಾಡಿ ಹೊರಗ ನಡೀರಿ.” ಬೀಗರು ಅರ್ಧ ಊಟದಲ್ಲಿ ಎದ್ದರು. ನನ್ನ ಅಣ್ಣ ನನ್ನನ್ನು ನೋಡಿದ ನೋಟ ಈಗಲೂ ಕಣ್ಣಿಗೆ ಕಟ್ಟಿದೆ. ವಾಪಸು ಬರುವಾಗ ಬಸ್ಸಿನಲ್ಲಿ ಮಾವನವರು ಹೇಳಿದ್ದೇನು ಗೊತ್ತೆ? “ಮಂದಿ ಎದ್ದ ಮ್ಯಾಲ ಎಷ್ಟು ತಂಪಾತು ನೋಡಿದಿ?”

ಇಷ್ಟಾದರೂ ಸಹಿಸಿದೆ. ಆಮೇಲೆ ಡಬ್ಬಿ ಬಂತು. ಹಳೆಯ ವನಸ್ಪತಿ ಡಬ್ಬಿಗೆ ಮಸಿ ಬಳಿದು, ನೀರು ತುಂಬಿ, ನಾನು ಕೂರುವ ಮಣೆಯ ಪಕ್ಕ ಸರಿಯಾಗಿ ನನ್ನ ಕೆನ್ನೆಯ ಎತ್ತರಕ್ಕೆ ನೇತುಹಾಕಿದರು. ದಿನಾ ಹತ್ತು ನಿಮಿಷ ಅದರಲ್ಲಿ ಥರ್ಮಾಮೀಟರ್ ಅದ್ದಿ ಬರೆದುಕೊಳ್ಳುವರು. ತಿರುಗಿದರೆ ಮೂಗಿಗೆ ಮಸಿ, ಬಗ್ಗಿದರೆ ಕಿವಿಗೆ ಮಸಿ. ಬಸ್ಸಿನ ಕಂಡಕ್ಟರ್ ರೊಟ್ಟಿ ಬುಟ್ಟಿ ಇಸಿದುಕೊಳ್ಳುತ್ತ ನನ್ನ ಮುಖ ನೋಡಿ ನಕ್ಕ. ಯಾಕೆ ಈ ಡಬ್ಬಿ ಎಂದು ಕೇಳಿದರೆ “ಇರಲಿ ಬಿಡವಾ” ಎಂದಷ್ಟೇ.

ಕೊನೆಗೆ ಮೊನ್ನೆ ಖಜೂರಿಯ ಕಡೆಯಿಂದ ಒಲೆ ಮಾರುವವನು ಬಂದ. ನಾನು ಚಹಾ ಕೊಟ್ಟು, ದೇವರಿಗೆ ಕೈಮುಗಿದು ಕುಳಿತೆ.

“ತಾಸಿಗೆ ಐದು ಸಾವಿರದ ನಾಲ್ಕುನೂರು ಕಿಲೊಕ್ಯಾಲರಿ ಅದರಿ ಇದರ ಕಸುವು,” ಎಂದ ಅವನು.

“ಸೆಕೆಂಡಿಗೆ ಒಂದೂವರಿ ಸಾವಿರ,” ಎಂದರು ಮಾವನವರು.

ಅವನ ಮುಖ ಕೆಂಪಾಯಿತು. “ಐದು ಸಾವಿರದ ನಾಲ್ಕುನೂರು ಅಂದ್ರ ಒಂದೂವರಿ ಸಾವಿರಕ್ಕ ಇಳಸ್ತೀರೇನ್ರಿ? ಇಷ್ಟು ಚೌಕಾಶಿ ನಾ ಎಲ್ಲೂ ನೋಡಿಲ್ಲ.”

“ಎರಡೂ ಒಂದೇ ಅದ ತಮ್ಮಾ. ಭಾಳ ಸುಡ್ತದ ಇದು. ಬ್ಯಾಡ, ಒಯ್ಯಿ.”

ಒಯ್ಯಿ ಅಂತೆ! ನನ್ನ ಒಲೆ, ನನ್ನ ಆರ್ಡರು. ಅವನು ಅರ್ಧ ಚಹಾ ಬಿಟ್ಟು ಗಾಡಿ ಹತ್ತಿದ. ಮಾವನವರು ಚಪ್ಪಲಿ ಮೆಟ್ಟಿ ಎತ್ತಲೋ ಹೊರಟುಹೋದರು. ನನಗೆ ಮೈಯೆಲ್ಲ ಉರಿದು ಹೋಯಿತು. ಅವರ ಲೆಕ್ಕದ ವಹಿಯನ್ನೇ ಒಲೆಗೆ ಹಾಕಿ, ಎಷ್ಟು ಕ್ಯಾಲರಿ ಬಂತೆಂದು ಅವರನ್ನೇ ಕೇಳೋಣ ಎಂದು ಕೈಗೆತ್ತಿಕೊಂಡೆ.

ಹಾಕುವ ಮುಂಚೆ ಒಂದು ಪುಟ ತೆರೆಯಿತು. ಬಾಯ್ಲರ್ ಮನೆಯಲ್ಲಿ ಬರೆಯುವ ಪದ್ಧತಿ: ಉರಿದ ಶಾಖ ಎಲ್ಲೆಲ್ಲಿ ಹೋಯಿತು ಎಂಬ ಪಟ್ಟಿ. ಹೆಂಚಿಗೆ ಇಷ್ಟು, ಹೊಗೆಗೆ ಇಷ್ಟು, ಗೋಡೆಗೆ ಇಷ್ಟು, ಎಲ್ಲವೂ ತಾಸಿನ ಲೆಕ್ಕ. ಕೊನೆಯ ಸಾಲು ಹೀಗಿತ್ತು: “ಸೊಸಿ ಮುಖಕ್ಕ, ಸೆಕೆಂಡಿಗೆ 2 ಕ್ಯಾಲರಿ.” ಕೆಳಗೆ, “ದೊಡ್ಡ ಒಲಿ ಬಂದ್ರ ಅಂದಾಜು 5.” ಅದರ ಕೆಳಗೆ, “ಪತ್ರಾ ಅಡ್ಡ ಇಟ್ರ?” ಪತ್ರಾ ಎಂದರೆ ತಗಡು; ಅದರ ಮುಂದೆ ಖಾಲಿ.

ವಹಿ ಹಿಡಿದು ಹಾಗೇ ಕುಳಿತಿದ್ದೆ. ಮಾವನವರು ಪತ್ರಾ ಅಂಗಡಿಯ ಚಾಚಾನ ಹತ್ತಿರ ಕತ್ತರಿಸಿಕೊಂಡ ತಗಡಿನ ಹಾಳೆಯನ್ನು ಹೆಗಲ ಮೇಲೆ ಹೊತ್ತು ಒಳಗೆ ಬಂದರು. ಎಷ್ಟೋ ಬೈಯಬೇಕೆಂದಿದ್ದವಳು, ಒಂದೇ ಮಾತು ಕೇಳಿದೆ.

“ಎಲ್ಲಾ ತಾಸಿನ ಲೆಕ್ಕದಾಗ ಅದ. ಇದೊಂದು ಯಾಕ ಸೆಕೆಂಡಿಂದು ಬರದೀರಿ?”

ಅವರು ತಗಡನ್ನು ಒಲೆಗೂ ಮಣೆಗೂ ನಡುವೆ ನಿಲ್ಲಿಸಿ, ಓರೆಯಾಗಿದೆಯೇ ಎಂದು ನೋಡಿದರು.

“ತಾಸಿನ ಲೆಕ್ಕ ಕಾರ್ಖಾನಿಗೆ ಬೇಕು. ಬೆಂಕಿ ಮುಂದ ಕುಂತವರಿಗಿ ಸೆಕೆಂಡ್ ಸೆಕೆಂಡಿಗೂ ಬಡೀತದವಾ. ಮೂವತ್ತು ವರ್ಷ ನಿಂತೇನಿ, ನನ್ನ ಮುಖದ್ದು ಯಾರೂ ಬರೀಲಿಲ್ಲ.” ಆಮೇಲೆ ಮೆಲ್ಲಗೆ ಹೇಳಿದರು, “ಪತ್ರಾದ ಲೆಕ್ಕ ಬರಲಿ, ಒಲಿಯವನ್ನ ನಾನೇ ಕರ್ಕೊಂಡು ಬರ್ತೇನಿ.”

ಮರುದಿನ ಬೆಳಿಗ್ಗೆ ಮಸಿ ಡಬ್ಬಿಗೆ ನಾನೇ ನೀರು ತುಂಬಿ, ತಗಡಿನ ಈಚೆ ಕೆನ್ನೆಯ ಎತ್ತರಕ್ಕೆ ತೂಗುಹಾಕಿದೆ. ಬಸ್ಸಿಗೆ ತಡವಾಗುತ್ತಿತ್ತು. ಮಾವನವರು ಗಡಿಯಾರ ಹಿಡಿದು ನಿಂತಿದ್ದರು, ಅವರ ಹತ್ತು ನಿಮಿಷ ಮುಗಿಯುವವರೆಗೆ ನಾನು ಅಲುಗಾಡದೆ ಕುಳಿತಿದ್ದೆ.